ಹೂ ಬಿಡುವ ಮುನ್ನ, ಊರ ಜಾಗದಿಂದ ಮೊದಲು



ನಮ್ಮ ತಾಳವಾಡಿ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದು ಹದಿನೈದು ದಿನ ಆಗುವಷ್ಟರಲ್ಲಿ ರಸ್ತೆಯ ಎರಡೂ ಬದಿ ಹಸಿರಾಗುತ್ತದೆ. ದೂರದಿಂದ ನೋಡಿದವರಿಗೆ ಸಂತೋಷ. ಹತ್ತಿರ ಹೋದರೆ ಅದರಲ್ಲಿ ಹುಲ್ಲು ಕಡಿಮೆ, ಪಾರ್ಥೇನಿಯಂ ಹೆಚ್ಚು. ನಮ್ಮ ಜನ ಕರೆಯುವಂತೆ ಹೇಳುವುದಾದರೆ ಕಾಂಗ್ರೆಸ್ ಗಿಡ. ಬಿಳಿ ಹೂವು ಗಾಂಧಿ ಟೋಪಿಯಂತೆ ಕಂಡಿದ್ದಕ್ಕೆ ಬಂದ ಹೆಸರು ಎನ್ನುತ್ತಾರೆ. ಪಕ್ಷ ಯಾವುದೇ ಇರಲಿ, ಈ ಗಿಡ ಎಲ್ಲರ ಹೊಲಕ್ಕೂ ಬರುತ್ತದೆ.

ಇದರ ಬಗ್ಗೆ ಹಿರಿಯರನ್ನು ಕೇಳಿದರೆ ಸಿಗುವ ಉತ್ತರ ಒಂದೇ: “ಕಿತ್ತಷ್ಟೂ ಬತ್ತದೆ ಕಣಪ್ಪ, ಏನ್ ಮಾಡಾದು?” ಅವರ ಮಾತಿನಲ್ಲಿ ಸೋಮಾರಿತನವಿಲ್ಲ, ಅನುಭವವಿದೆ. ಆದರೂ ನಾವು ಯುವಜನರು ಇಷ್ಟಕ್ಕೇ ಸುಮ್ಮನಾಗಬಾರದು. ಈ ಕಳೆಯನ್ನು ಒಬ್ಬೊಬ್ಬ ರೈತ ತನ್ನ ತನ್ನ ಹೊಲದಲ್ಲಿ ಸೋಲಿಸಲಾರ. ಊರಿಗೆ ಸೇರಿದ ಜಾಗದಿಂದ, ಹೂ ಬಿಡುವ ಮೊದಲೇ, ಪಂಚಾಯಿತಿಯ ಹೊಣೆಯಲ್ಲಿ ಕೆಲಸ ಆರಂಭವಾಗಬೇಕು. ಅದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕಾದವರು ನಾವು. ಇದೇ ನಮ್ಮ ಅಭಿಪ್ರಾಯ.

ಗಿಡದ ಲೆಕ್ಕ

ಪಾರ್ಥೇನಿಯಂ ಮೂಲತಃ ಅಮೆರಿಕ ಖಂಡದ ಗಿಡ. ನಮ್ಮ ದೇಶದಲ್ಲಿ ಇದನ್ನು ಕಳೆಯಾಗಿ ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂದಿರಬೇಕು ಎಂಬುದು ಹೆಚ್ಚಿನವರ ನಂಬಿಕೆ. ಅಲ್ಲಿಂದ ಇಲ್ಲಿಗೆ ಬರಲು ಅದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ. ಲಾರಿ ಚಕ್ರಕ್ಕೆ ಅಂಟಿದ ಕೆಸರು, ಹೊರಗಿನಿಂದ ತರಿಸಿದ ಗೊಬ್ಬರ, ಮಳೆ ನೀರು, ಗಾಳಿ, ಇಷ್ಟು ಸಾಕು.

ಮೊಳೆತ ಸುಮಾರು ನಾಲ್ಕು ವಾರಕ್ಕೇ ಇದು ಹೂ ಬಿಡಬಲ್ಲದು. ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಕೊಡುತ್ತದೆ. ತೇವ ಸಿಕ್ಕರೆ ವರ್ಷದಲ್ಲಿ ಮೂರು ನಾಲ್ಕು ತಲೆಮಾರು ಬೆಳೆದು ಮುಗಿಯುತ್ತವೆ. ಎಲ್ಲಾ ಬೀಜ ಒಟ್ಟಿಗೆ ಮೊಳೆಯುವುದೂ ಇಲ್ಲ. ಒಂದಷ್ಟು ಮಣ್ಣಿನೊಳಗೆ ವರ್ಷಗಟ್ಟಲೆ ಕಾದು ಕೂರುತ್ತವೆ. “ಕಿತ್ತಷ್ಟೂ ಬತ್ತದೆ” ಎಂಬ ಮಾತಿನ ಹಿಂದಿನ ವಿಜ್ಞಾನ ಇದು.

ಈಗ ಲೆಕ್ಕ ಹಾಕಿ. ಹೂವಿಲ್ಲದ ಗಿಡ ಕಿತ್ತರೆ ಹೋಗುವುದು ಒಂದು ಗಿಡ ಮಾತ್ರವಲ್ಲ, ಮುಂದಿನ ಸಾವಿರಾರು ಗಿಡ. ಬೀಜ ಬಲಿತ ಮೇಲೆ ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋದರೆ ದಾರಿಯುದ್ದಕ್ಕೂ ಬಿತ್ತಿದ ಹಾಗೆ. ಕೆಲಸ ಒಂದೇ, ಬೆವರೂ ಅಷ್ಟೇ. ಮೂರು ವಾರ ಹಿಂದೆ ಮುಂದೆ ಆಗುವುದರಲ್ಲಿ ಫಲ ಪೂರ್ತಿ ತಿರುಗಿಬೀಳುತ್ತದೆ.

ಇದರ ಕಷ್ಟ ಯಾರಿಗೆ ಎಂಬುದನ್ನೂ ಹೇಳಬೇಕು. ಕಳೆ ಕೀಳುವ ಕೂಲಿ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದು. ಈ ಗಿಡದ ರಸ ತಾಗಿದರೆ ಕೆಲವರಿಗೆ ಕೈ, ಕುತ್ತಿಗೆ, ಮುಖಕ್ಕೆ ನವೆ ಹತ್ತಿ ಚರ್ಮ ದಪ್ಪಗಾಗುತ್ತದೆ. ಹೂವಿನ ಪರಾಗದಿಂದ ನೆಗಡಿ, ಉಬ್ಬಸ. ಬೇರೆ ಮೇವಿಲ್ಲದೆ ಹಸು ಇದನ್ನು ತಿಂದರೆ ಹಾಲು ಕಹಿ. ಬೇರಿನಿಂದ, ಎಲೆಯಿಂದ ಬಿಡುವ ರಾಸಾಯನಿಕದಿಂದ ಪಕ್ಕದ ಬೆಳೆಯೂ ಸೊರಗುತ್ತದೆ. ಮನೆಯಲ್ಲಿ ಅಮ್ಮನೋ ದೊಡ್ಡಮ್ಮನೋ ರಾತ್ರಿ ಕೈ ಕೆರೆದುಕೊಳ್ಳುತ್ತಾ ಕೂತಿದ್ದರೆ ಅದು ಕೂಡ ಈ ಲೆಕ್ಕದೊಳಗೆ ಬರಬೇಕು.

ಕಾನೂನು ಇದೆ, ಆದರೆ ಯಾರ ಮೇಲೆ?

ಕಳೆಗೂ ಕಾನೂನು ಇದೆಯಾ ಎಂದು ಕೇಳಬೇಡಿ, ನೂರು ವರ್ಷದಿಂದ ಇದೆ. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ 1919ರಲ್ಲೇ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ ಬಂತು. ಪಕ್ಕದ ಕೊಡಗಿನಲ್ಲಿ ಅದಕ್ಕೂ ಮೊದಲು, 1914ರಲ್ಲಿ, ಹಾನಿಕರ ಕಳೆಗೆಂದೇ ಕಾನೂನು ಮಾಡಿದ್ದರು. ಕರ್ನಾಟಕ 1975ರಲ್ಲಿ ತನ್ನ 1968ರ ಕಾಯ್ದೆಯ ಕೆಳಗೆ ಪಾರ್ಥೇನಿಯಂ ಅನ್ನು ಹಾನಿಕರ ಕಳೆ ಎಂದು ಘೋಷಿಸಿತು. ಘೋಷಣೆಯಾಗಿ ಇಷ್ಟು ವರ್ಷವಾದ ಮೇಲೆ ಚಾಮರಾಜನಗರದ ಕಡೆ ಒಮ್ಮೆ ಬಸ್ಸಿನಲ್ಲಿ ಹೋಗಿ ಕಿಟಕಿಯಿಂದ ನೋಡಿ. ಗಿಡಕ್ಕೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಯಾಕೆ ಹೀಗೆ? 1919ರ ಕಾಯ್ದೆಯ ದಾರಿ ಇದು: ಸರ್ಕಾರ ಒಂದು ಗಿಡವನ್ನು ಹಾನಿಕರ ಎಂದು ಪ್ರಕಟಿಸುತ್ತದೆ, ಜಮೀನು ಅನುಭವಿಸುವವನು ಅದನ್ನು ತೆಗೆಯಬೇಕು, ತೆಗೆಯದಿದ್ದರೆ ಅಧಿಕಾರಿ ತೆಗೆಸಿ ಖರ್ಚನ್ನು ಅವನಿಂದ ವಸೂಲಿ ಮಾಡಬಹುದು. ಕೇಳಲು ನ್ಯಾಯವೇ. ಆದರೆ ನಮ್ಮ ಸೀಮೆಯಲ್ಲಿ ಈ ಗಿಡ ನೆಮ್ಮದಿಯಾಗಿ ಬೀಜ ಮಾಡುವುದು ಎಲ್ಲಿ? ರಸ್ತೆ ಬದಿ, ಕೆರೆ ಅಂಗಳ, ಬಸ್ ನಿಲ್ದಾಣದ ಹಿಂದೆ, ಶಾಲೆಯ ಮೈದಾನ, ಸಂತೆ ಜಾಗ, ಬೀಳು ಬಿದ್ದ ಪೊರಂಬೋಕು. ಅಲ್ಲೆಲ್ಲ ‘ಅನುಭವಿಸುವವನು’ ಯಾರೂ ಇಲ್ಲ. ಎರಡು ಎಕರೆ ಆಲೂಗಡ್ಡೆ, ಎಲೆಕೋಸು ಬೆಳೆಯುವ ರೈತ ಕೂಲಿ ಕೊಟ್ಟು ತನ್ನ ಹೊಲ ಹಸನು ಮಾಡಿದರೂ ಬದುವಿನಾಚೆ ರಸ್ತೆ ಬದಿಯಿಂದ ಮತ್ತೆ ಬೀಜ ಬರುತ್ತದೆ. ಅಂಥವನ ಮೇಲೆ ನೋಟಿಸು ಹಾಕಿದರೆ ಕಳೆ ಕಡಿಮೆಯಾಗುವುದಿಲ್ಲ, ಅವನ ಸಾಲ ಹೆಚ್ಚಾಗುತ್ತದೆ.

ಹಾಗಾಗಿ ಮೊದಲು ಸಾರ್ವಜನಿಕ ಜಾಗ, ಆಮೇಲೆ ಖಾಸಗಿ ಹೊಲ. ತಾನು ಕಿತ್ತಿರದ ಪಂಚಾಯಿತಿಗೆ ರೈತನನ್ನು ಕೇಳುವ ಬಾಯಿ ಇರುವುದಿಲ್ಲ.

ಬರೀ ಆದೇಶದಿಂದ ಆಗದು

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಪಾಠವಿದೆ. ಬಳ್ಳಾರಿ ಜಾಲಿ, ತಮಿಳಿನಲ್ಲಿ ಸೀಮೈ ಕರುವೇಲಂ ಎನ್ನುವ ಮುಳ್ಳಿನ ಮರವನ್ನು ತೆಗೆಯಬೇಕೆಂದು 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಆದೇಶ ಮಾಡಿತು. ಎಷ್ಟೋ ಜಿಲ್ಲೆಗಳಲ್ಲಿ ಅವಸರದ ಕೆಲಸ ನಡೆಯಿತು. ಅದೇ ವರ್ಷ ತಡೆಯಾಜ್ಞೆಯೂ ಬಂತು. ಆ ಮರವನ್ನು ಬರೀ ಕಡಿದರೆ ಬುಡದಿಂದ ನಾಲ್ಕು ಕವಲಾಗಿ ಚಿಗುರುತ್ತದೆ. ಬೇರು ಸಮೇತ ತೆಗೆದರೂ ಆ ಜಾಗಕ್ಕೆ ಬೇರೆ ಗಿಡ ಬೆಳೆಸದಿದ್ದರೆ ಅದೇ ಮತ್ತೆ ಬರುತ್ತದೆ. ಅದರ ಸೌದೆ, ಇದ್ದಿಲನ್ನು ನಂಬಿದ ಬಡವರೂ ಇದ್ದಾರೆ. 2022ರಲ್ಲಿ ತಮಿಳುನಾಡು ಸರ್ಕಾರ ಹೊರಗಿನ ಆಕ್ರಮಣಕಾರಿ ಗಿಡಗಳ ಬಗ್ಗೆ ಒಂದು ನೀತಿಯನ್ನೇ ಹೊರಡಿಸಿತು. ತೆಗೆಯುವುದರ ಜೊತೆ ನೆಲವನ್ನು ಮತ್ತೆ ಕಟ್ಟುವ ಮಾತು ಅದರ ಹೆಸರಿನಲ್ಲೇ ಇದೆ. ಒಳ್ಳೆಯದು. ಆದರೆ ಆ ನೀತಿ ಚೆನ್ನೈಯಿಂದ ದಿಂಬಂ ಘಾಟಿನ 27 ತಿರುವು ಹತ್ತಿ ನಮ್ಮ ಪಂಚಾಯಿತಿಯ ತನಕ ಬರಬೇಕು.

ಸುತ್ತಲಿನ ಕಾಡಿನ ಲಂಟಾನ ಕಥೆಯೂ ಬೇರೆಯಲ್ಲ. ಆನೆ, ಜಿಂಕೆಗೆ ಬೇಕಾದ ಹುಲ್ಲಿನ ಜಾಗವನ್ನು ಅದು ಮುಚ್ಚಿ ಹಾಕುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದೇನು? ಹಿಂದೆ ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದೆವು, ಒಣಗಿದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ, ಅದು ನಿಂತ ಮೇಲೆ ಲಂಟಾನ ಹೆಚ್ಚಾಯಿತು ಎಂದು. ವಿಜ್ಞಾನಿಗಳು ಅವರ ಮಾತನ್ನು ಬರೆದುಕೊಂಡು ಪ್ರಬಂಧ ಮಾಡಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಜೀವನ ನಡೆಸಿದವರಿದ್ದಾರೆ. ನಾವು ಹೋಗಿ ಕಾಡಿಗೆ ಬೆಂಕಿ ಹಾಕಬೇಕೆಂದು ಯಾರೂ ತಿಳಿಯಬೇಡಿ, ಅದು ಅಪರಾಧ. ನೆಲದ ಪಕ್ಕ ಬದುಕುವವರನ್ನು ಕೇಳದೆ ಮಾಡಿದ ನಿಯಮ ನೆಲಕ್ಕೆ ಹತ್ತುವುದಿಲ್ಲ ಎಂಬುದಷ್ಟೇ ನಮ್ಮ ಮಾತು.

ಬರುವ ಪ್ರಶ್ನೆಗಳು

“ಔಷಧಿ ಹೊಡೆದರೆ ಆಯಿತಲ್ಲ?” ಹೊಡೆದರೆ ಈ ಸಲದ ಗಿಡ ಸಾಯುತ್ತದೆ. ನೆಲ ಬೋಳಾಗುತ್ತದೆ, ಮಣ್ಣಿನಲ್ಲಿ ಕಾಯುತ್ತಿರುವ ಬೀಜಕ್ಕೆ ಜಾಗ ಸಿಗುತ್ತದೆ. ಬಾವಿ, ಮನೆ, ಶಾಲೆ ಹತ್ತಿರ ಅದನ್ನು ಸಿಂಪಡಿಸುವುದು ನಮಗೆ ಒಪ್ಪಿಗೆಯಿಲ್ಲ. ಅದರ ಬದಲು ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಬಹುದು. ನಮ್ಮದೇ ಸೊಪ್ಪಿನ ಗಿಡ, ದಟ್ಟವಾಗಿ ಬೆಳೆದು ಪಾರ್ಥೇನಿಯಂ ತಲೆ ಎತ್ತದಂತೆ ಮಾಡುತ್ತದೆ.

“ಅದನ್ನು ತಿನ್ನುವ ಹುಳ ಬಿಟ್ಟಿದ್ದಾರಂತಲ್ಲ?” ಹೌದು, ಮೆಕ್ಸಿಕೋದಿಂದ ತರಿಸಿದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಚೆನ್ನಾಗಿ ಎಲೆ ತಿನ್ನುತ್ತದೆ. ಒಣ ಕಾಲದಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಅದು ಸಹಾಯಕ ಮಾತ್ರ.

“ಕಳೆ ಕೀಳಬೇಡಿ ಎಂದು ಯೇಸುವೇ ಹೇಳಿಲ್ಲವೇ?” ಇದನ್ನು ತಮಾಷೆಗೆ ಕೇಳುವವರು ನಮ್ಮಲ್ಲೇ ಇದ್ದಾರೆ. ಮತ್ತಾಯನ 13ನೇ ಅಧ್ಯಾಯದ ಆ ಸಾಮತಿ ಮನುಷ್ಯರ ಬಗ್ಗೆ ಅವಸರದ ತೀರ್ಪು ಬೇಡ ಎನ್ನುತ್ತದೆ. ಅಲ್ಲಿ ಯಜಮಾನನ ಚಿಂತೆ ಗೋಧಿ ಹಾಳಾಗಬಾರದು ಎಂಬುದು. ನಮ್ಮ ಚಿಂತೆಯೂ ಅದೇ.

ನಾವು ಮಾಡಬಹುದಾದದ್ದು

ತಮಿಳುನಾಡಿನಲ್ಲಿ ಮೇ 1, ಆಗಸ್ಟ್ 15, ಅಕ್ಟೋಬರ್ 2 ಗ್ರಾಮಸಭೆಯ ದಿನಗಳು. ಮಳೆಯ ಲೆಕ್ಕಕ್ಕೂ ಇವು ಸರಿಯಾಗಿ ಹೊಂದುತ್ತವೆ. ಮೇ 1ರ ಸಭೆಯಲ್ಲಿ ಮೂರು ವಿಷಯ ಕೇಳೋಣ. ಮಳೆ ಬಿದ್ದ ಮೂರನೇ ವಾರದೊಳಗೆ ರಸ್ತೆ ಬದಿ, ಕೆರೆ, ಶಾಲೆ, ಸಂತೆ ಜಾಗದ ಕಳೆ ತೆಗೆಸುವ ತೀರ್ಮಾನ. ಆ ಕೆಲಸ ಮಾಡುವವರಿಗೆ ಕೂಲಿಯ ಜೊತೆ ಕೈಗವಸು, ಮುಖಕ್ಕೆ ಬಟ್ಟೆ. ತಿಳುವಳಿಕೆಯ ನೋಟಿಸು ತಮಿಳಿನ ಜೊತೆ ಕನ್ನಡದಲ್ಲೂ, ಯಾಕೆಂದರೆ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಗಸ್ಟ್ 15ಕ್ಕೆ ಏನಾಯಿತೆಂದು ಕೇಳೋಣ. ಅದರ ಮರುದಿನದಿಂದ, 16ರಿಂದ 22ರವರೆಗೆ, ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ. ಗಡಿಯಾಚೆಯ ಕರ್ನಾಟಕದ ಪಂಚಾಯಿತಿಗಳೂ ಅದೇ ವಾರ ಕೈ ಹಾಕಿದರೆ ಇನ್ನೂ ಒಳ್ಳೆಯದು. ಆ ಊರುಗಳಲ್ಲಿ ನಮ್ಮ ನೆಂಟರೇ ಇದ್ದಾರೆ, ಒಂದು ಫೋನ್ ಮಾಡಿದರೆ ಸಾಕು.

ನಮ್ಮ ದೇವಾಲಯದ ಆವರಣ, ಕಲ್ಲರೆ ತೋಟದ ಕೆಲಸ ನಮ್ಮದೇ. ನವೆಂಬರ್ 2ರ ಮೃತರ ಸ್ಮರಣೆಗೆ ಮೊದಲು ಕಲ್ಲರೆ ಶುಚಿ ಮಾಡುವ ವಾಡಿಕೆ ಹಾಗೆಯೇ ನಡೆಯಲಿ. ಅದರ ಜೊತೆ ಮುಂಗಾರು ಮಳೆಯಾದ ಮೂರನೇ ಭಾನುವಾರ, ಪೂಜೆ ಮುಗಿದ ಮೇಲೆ ಒಂದು ಗಂಟೆ ಸೇರಿಸೋಣ. ಹಿಂಗಾರಿನಲ್ಲಿ ಇನ್ನೊಂದು ಸುತ್ತು. ನೆಲ ಒದ್ದೆಯಿರುವಾಗ ಬೇರು ಸಮೇತ ಬರುತ್ತದೆ. ಉದ್ದ ತೋಳಿನ ಅಂಗಿ, ಕೈಗವಸು ಇರಲಿ. ಅಲರ್ಜಿ, ಉಬ್ಬಸ ಇರುವವರು ಕೀಳುವುದು ಬೇಡ, ನೀರು, ಕಾಫಿ ನೋಡಿಕೊಳ್ಳಲಿ. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಹೋಗಬಹುದು. ಹೂ ಬಿಟ್ಟದ್ದನ್ನು ಅಲ್ಲೇ ಚೀಲಕ್ಕೆ ತುಂಬಿ ಆಳದ ಗುಂಡಿಯಲ್ಲಿ ಹೂಳಬೇಕು.

ಒಂದೇ ವರ್ಷದಲ್ಲಿ ಊರು ಹಸನಾಗುತ್ತದೆಂದು ನಾವು ಹೇಳುವುದಿಲ್ಲ, ಮಣ್ಣಿನಲ್ಲಿ ಹಳೆಯ ಬೀಜ ಇದ್ದೇ ಇದೆ. ಹೊಸ ಬೀಜ ಬೀಳದಂತೆ ನಾಲ್ಕೈದು ವರ್ಷ ಬಿಡದೆ ನೋಡಿಕೊಂಡರೆ ಆ ಗಂಟು ಕರಗುತ್ತಾ ಬರುತ್ತದೆ. ಮೇ 1ರಂದು ಬೆಳಿಗ್ಗೆ ಗ್ರಾಮಸಭೆಗೆ ಯಾರು ಯಾರು ಬರುತ್ತೀರಿ, ಮುಂದಿನ ಭಾನುವಾರ ಪೂಜೆಯಾದ ಮೇಲೆ ಹೆಸರು ಕೊಡಿ. ಅಮ್ಮಂದಿರನ್ನೂ ಕರೆದುಕೊಂಡು ಬನ್ನಿ. ಈ ಗಿಡದ ಬಗ್ಗೆ ಅಧಿಕಾರಿಗಳ ಮುಂದೆ ಮಾತಾಡಲು ಅವರಿಗಿಂತ ಹೆಚ್ಚು ತಿಳಿದವರು ನಮ್ಮಲ್ಲಿ ಯಾರೂ ಇಲ್ಲ.