ಸಾವಿರ ತಾಸು ಕೂತ್ರ ಕೈ ಸ್ವಚ್ಛ ಆಗ್ತಾವೇನ್ರಿ?

ನಮ್ಮ ಕಡೆ ಮಂದಿಗೆ ಅಮೇರಿಕಾ ಅಂದ್ರ ಎಲ್ಲಾದಕ್ಕೂ ಕಾಯ್ದೆ ಇರೋ ದೇಶ. "ಅಲ್ಲೆ ಕೂದಲಾ ಕತ್ತರಸೋರಿಗೂ ಲೈಸೆನ್ಸ್ ಬೇಕಂತಲ್ಲವಾ, ಏನ್ ಶಿಸ್ತು, ಏನ್ ಶಿಸ್ತು!" ಅಂತ ನಮ್ಮ ವೈನಿ ಧಾರವಾಡದಾಗ ಕೂತು ಹೊಗಳಿದ್ದೇ ಹೊಗಳಿದ್ದು. ಆ ಶಿಸ್ತಿನ ಹೊಟ್ಟಿಯೊಳಗ ಕೂತಾಕಿ ನಾನು. ಅದಕ್ಕ ಇವತ್ತ ಸ್ವಲ್ಪ ಖಡಕ್ ಆಗೇ ಬರೀತೇನಿ, ಯಾರೂ ಮನಸಿಗೆ ಹಚ್ಗೋಬ್ಯಾಡ್ರಿ. ಪಾರ್ಲರ್ ಕೆಲಸಕ್ಕ ಲೈಸೆನ್ಸ್ ಬೇಕು, ಅದರಾಗ ನಂದು ಎರಡು ಮಾತಿಲ್ಲ. ಆದ್ರ ಈಗ ಇರೋ ಲೈಸೆನ್ಸು ಕೆಲಸಾ ನೋಡಂಗಿಲ್ಲ, ಗಡಿಯಾರ ನೋಡ್ತದ. ನನ್ನ ಜಗಳ ಇರೋದು ಅದರ ಜೊತಿಗೆ.

ನಾ ಯಾರು ಅಂತ ಹೇಳ್ಬೇಕಲ್ಲ. ಮಾಳಮಡ್ಡಿಯೊಳಗ ನಮ್ಮ ಮನೀ ಮುಂದಿನ ಖೋಲ್ಯಾಗ ಹನ್ನೊಂದು ವರ್ಷ ಪಾರ್ಲರ್ ನಡಸೇನಿ. ಐಬ್ರೋ, ಫೇಶಿಯಲ್, ವ್ಯಾಕ್ಸಿಂಗ್, ಹೇರ್ ಕಟ್, ಮದುವಿ ಸೀಸನ್‌ನಾಗ ಮದುಮಗಳ ಮೇಕಪ್ಪು. ಒಂದ್ ವೈಶಾಖದಾಗ ಒಂದ ದಿವಸ ಮೂರು ಮದುಮಕ್ಕಳನ್ನ ತಯಾರ್ ಮಾಡಿ, ನಾ ಊಟಾ ಮಾಡಿದ್ದು ಸಂಜಿ ಐದಕ್ಕ. ಆಮ್ಯಾಲೆ ನಮ್ಮನಿಯವರ ನೌಕರಿ ಸಂಬಂಧ ಟೆಕ್ಸಸ್‌ನ ಡಲ್ಲಾಸ್ ಕಡೆ ಬಂದ್ವಿ. ನಾಕು ವರ್ಷ ಕಾದ ಮ್ಯಾಲೆ ನಂಗ ಕೆಲಸಾ ಮಾಡೋ ಪರ್ಮಿಟ್ ಬಂತು. ಬಂದ ಮರುದಿವಸ ಗೊತ್ತಾತು, ಪರ್ಮಿಟ್ ಅದ, ಕೈಯಾಗ ಕೆಲಸಾ ಅದ, ಆದ್ರ ಮಾಡಂಗಿಲ್ಲ.

ಲೆಕ್ಕಾ ಕೇಳ್ರಿ. ಟೆಕ್ಸಸ್‌ನಾಗ ರೊಕ್ಕಾ ತಗೊಂಡು ಬರೇ ಉಗುರಿನ ಕೆಲಸಾ ಮಾಡ್ಬೇಕಂದ್ರ 600 ತಾಸಿನ ಕೋರ್ಸು. ಮುಖದ್ದು, ವ್ಯಾಕ್ಸಿಂಗಿಂದು ಮಾಡ್ಬೇಕಂದ್ರ 750 ತಾಸು. ಕೂದಲಾ, ಮುಖಾ, ಉಗುರು ಎಲ್ಲಾ ಬೇಕಂದ್ರ ಕಾಸ್ಮೆಟಾಲಜಿ, 1,000 ತಾಸು. ಅದಾದ ಮ್ಯಾಲೆ ಪರೀಕ್ಷಾ. ಈಗ ಇದರ ಮಗ್ಗಲಕ್ಕ ಇನ್ನೊಂದು ಲೆಕ್ಕಾ ಇಡ್ರಿ. ಇದೇ ರಾಜ್ಯದಾಗ ಆಂಬುಲೆನ್ಸಿನ್ಯಾಗ ಹೋಗಿ, ಉಸಿರು ನಿಂತ ಮನಷ್ಯಾನ ಎದಿ ಒತ್ತಿ ಜೀವಾ ಉಳಸೋ ಇಎಂಟಿ ಆಗ್ಲಿಕ್ಕೆ ಕಮ್ಮಿಂದ ಕಮ್ಮಿ 150 ತಾಸಿನ ಟ್ರೇನಿಂಗ್ ಸಾಕು. ಅಂದ್ರ ಎದಿ ಒತ್ತಲಿಕ್ಕೆ 150, ಮುಖಾ ಒತ್ತಲಿಕ್ಕೆ 750! ಇದನ್ನ ಶಿಸ್ತು ಅಂತ ಕರೀಲಿಕ್ಕೆ ನಂಗ ಬಾಯಿ ಬರಂಗಿಲ್ಲ.

ಸಾವಿರ ತಾಸು ಅಂದ್ರ ಎಷ್ಟು? ವಾರಕ್ಕ 40 ತಾಸು ಕೂತ್ರ 25 ವಾರ. ಆದ್ರ ಮಕ್ಕಳನ್ನ ಸಾಲಿಗೆ ಕಳಿಸಿ, ಮೂರು ಗಂಟೆಕ್ಕ ಕರ್ಕೊಂಡು ಬರೋ ಹೆಣ್ಣುಮಗಳಿಗೆ ವಾರಕ್ಕ 20 ತಾಸು ಸಿಕ್ರ ಪುಣ್ಯ. ಅಂದ್ರ ಸುಮಾರು ಒಂದು ವರ್ಷ. ಆ ವರ್ಷಪೂರ್ತಿ ಗಳಿಕಿ ಇಲ್ಲ, ಮ್ಯಾಲೆ ಫೀ. ನಾ ಸೇರಿದ ಸಾಲಿ ಫೀ ಹದಿಮೂರು ಸಾವಿರ ಡಾಲರು. ಊರಾಗ ನಾ ಹನ್ನೊಂದು ವರ್ಷ ಪಾರ್ಲರ್ ನಡಸಿದ್ರೂ ಅಷ್ಟು ರೊಕ್ಕಾ ಒಮ್ಮೆ ಕಣ್ಣಿಲೆ ಕಂಡಿರಲಿಲ್ಲ. "ನನ್ನ ಅನುಭವಾ ಏನರೆ ಲೆಕ್ಕಕ್ಕ ಬರ್ತದೇನು?" ಅಂತ ಕೇಳಿದ್ರ, ಕೌಂಟರಿನಾಕಿ ಭಾಳ ಪ್ರೀತಿಲೆ ನಕ್ಕು, "ಇಲ್ಲ ಹನಿ" ಅಂದ್ಲು. ಹನ್ನೊಂದು ವರ್ಷದ ಕೆಲಸಾ ಒಂದು 'ಹನಿ' ಒಳಗ ಮುಗೀತು.

ಆತು, ಆ ಸಾವಿರ ತಾಸಿನ್ಯಾಗ ಕಲಸೋದರೆ ಏನು? ಮೊದಲನೇ ಕೆಲವು ವಾರ ಖರೇನ ಛಲೋ ಇತ್ತು, ಸುಳ್ಳ ಯಾಕ ಹೇಳ್ಲಿ. ಸೋಂಕು ಹೆಂಗ ಹರಡ್ತದ, ಯಾವ ಸಾಮಾನು ಎಷ್ಟೊತ್ತು ಔಷಧದಾಗ ಮುಳುಗಿಸಿ ಇಡ್ಬೇಕು, ಯಾವುದನ್ನ ಒಮ್ಮೆ ವಾಪರಿಸಿ ಬಿಸಾಕ್ಬೇಕು, ಚರ್ಮದ ಮ್ಯಾಲೆ ಏನ್ ಕಂಡ್ರ ಮುಟ್ಟದ ಡಾಕ್ಟರ ಕಡೆ ಕಳಿಸ್ಬೇಕು, ಇವೆಲ್ಲಾ. ಆಮ್ಯಾಲೆ ಶುರು ಆತು ನೋಡ್ರಿ, ಪ್ಲಾಸ್ಟಿಕ್ ಗೊಂಬಿ ತಲಿಗೆ ರೋಲರ್ ಸುತ್ತೋದು, ಹಳೇ ಕಾಲದ ಸಿನಿಮಾ ಹೀರೋಯಿನ್ನುಗಳ ಗತೆ ಬಳ್ಳಿಲೆ ಕೂದಲಾ ಅಲಿ ಅಲಿ ಮಾಡೋದು. ಅದನ್ನ ಮಾಡಿಸ್ಗೊಳ್ಳೋ ಗಿರಾಕಿ ಇವತ್ತಿನ ತನಕಾ ನಾ ನೋಡಿಲ್ಲ. ಅದಾದ ಮ್ಯಾಲೆ ಸಾಲಿದ ಸಲೂನಿನ್ಯಾಗ ಖರೇ ಗಿರಾಕಿಗಳ ಕೆಲಸಾ. ಗಿರಾಕಿ ರೊಕ್ಕಾ ಕೊಡೋದು ಸಾಲಿಗೆ, ಫೀ ಕೊಡೋದು ನಾವೂ ಸಾಲಿಗೇ. ದುಡಿಯೋರು ನಾವು. ಗಿರಾಕಿ ಇಲ್ಲದಾಗ ಟಾವೆಲ್ ಮಡಚೋದು, ನೆಲಾ ಝಾಡ್ಸೋದು. ಗಡಿಯಾರ ಓಡ್ತಿರ್ತದಲ್ಲ, ಅದೂ 'ತರಬೇತಿ'. ನನ್ನ ಬಾಜೂಕ ಮೆಕ್ಸಿಕೋದಾಕಿ ಒಬ್ಬಾಕಿ ಕೂಡ್ತಾಳ. ಅವರೂರಾಗ ಹದಿನೈದು ವರ್ಷ ಕತ್ತರಿ ಹಿಡದಾಕಿ. ಆಕಿ ಕೂದಲಾ ಕತ್ತರಸೋದನ್ನ ನಮ್ಮ ಟೀಚರೇ ನಿಂತು ನೋಡ್ತಾರ. ಆದ್ರ ಆಕೀದೂ ಸಾವಿರ ತಾಸು, ನಿನ್ನೆ ಹೈಸ್ಕೂಲ್ ಮುಗಿಸಿ ಬಂದ ಹುಡಿಗೀದೂ ಸಾವಿರ ತಾಸು.

"ಕಾಯ್ದೆ ಮಾಡಿದೋರು ಏನೋ ವಿಚಾರ ಮಾಡೇ ಮಾಡಿರ್ತಾರವಾ" ಅಂತೀರಿ, ಗೊತ್ತದ. ಹಂಗಿದ್ರ ಇದನ್ನ ಹೇಳ್ರಿ. ಕೆಲವು ವರ್ಷದ ಹಿಂದ ಟೆಕ್ಸಸ್‌ನಾಗ ಇದೇ ಲೈಸೆನ್ಸಿಗೆ 1,500 ತಾಸು ಇತ್ತು, ಈಗ 1,000. ಕ್ಯಾಲಿಫೋರ್ನಿಯಾದಾಗ 1,600 ಇದ್ದದ್ದು 2022ರಿಂದ 1,000 ಆತು. ಆ ಐದುನೂರು, ಆರುನೂರು ತಾಸು ಗಿರಾಕಿ ಜೀವಕ್ಕ ಬೇಕೇ ಬೇಕಾಗಿದ್ರ ಹೆಂಗ ತಗದ್ರು? ಬೇಕಾಗಿರಲಿಲ್ಲ ಅಂದ್ರ ಅಷ್ಟು ವರ್ಷ ಸಾವಿರಾರು ಹೆಣ್ಣುಮಕ್ಕಳ ಕಡೆಯಿಂದ ಯಾಕ ಆ ತಾಸು, ಆ ರೊಕ್ಕಾ ವಸೂಲ್ ಮಾಡಿದ್ರು?

ಇದನ್ನ ಕೋರ್ಟಿನ್ಯಾಗ ಕೇಳಿದೋರೂ ಇದ್ದಾರ, ಅದರಾಗ ನಮ್ಮ ದೇಶದ ಕೆಲಸದ್ದೇ ಕತಿ ಅದ. ದಾರಾ ಹಿಡದು ಹುಬ್ಬು ತೀಡೋದು, ಥ್ರೆಡ್ಡಿಂಗ್. ಒಂದು ಹತ್ತಿ ದಾರಾ, ಸ್ವಲ್ಪ ಪೌಡರ್, ಎರಡು ಕೈ. ಕೆಮಿಕಲ್ ಇಲ್ಲ, ಬ್ಲೇಡ್ ಇಲ್ಲ, ಬಿಸಿ ಇಲ್ಲ. ಇದಕ್ಕೂ ಟೆಕ್ಸಸ್ 750 ತಾಸು ಕೇಳ್ತಿತ್ತು. ಥ್ರೆಡ್ಡಿಂಗ್ ಮಾಡೋರು, ಅಂಗಡಿ ಇಟ್ಟೋರು ಕೂಡಿ ಕೋರ್ಟಿಗೆ ಹೋದ್ರು. ಅದಕ್ಕ ಪಟೇಲ್ ಕೇಸ್ ಅಂತಾರ. ಆ 750ರಾಗ 320 ತಾಸಿನ ತನಕಾ ಥ್ರೆಡ್ಡಿಂಗಿಗೆ ಸಂಬಂಧನ ಇಲ್ಲ ಅಂತ ಸರ್ಕಾರದ ಕಡೆಯೋರೇ ಒಪ್ಪಬೇಕಾತು. ಟೆಕ್ಸಸ್‌ನ ಸುಪ್ರೀಂ ಕೋರ್ಟು 2015ರ ಜೂನ್‌ನಾಗ, ಇಷ್ಟು ಭಾರ ಹೊರಸೋದು ರಾಜ್ಯದ ಸಂವಿಧಾನಕ್ಕ ಒಪ್ಪಂಗಿಲ್ಲ ಅಂತ ಹೇಳ್ತು. ಇದೇ ಡಲ್ಲಾಸಿನ್ಯಾಗ ಕೂದಲಾ ಹೆಣಿಯೋ ಐಸಿಸ್ ಬ್ರಾಂಟ್ಲಿ ಅನ್ನೋ ಕರಿಯ ಹೆಣ್ಣುಮಗಳನ್ನ ಲೈಸೆನ್ಸ್ ಇಲ್ಲಂತ 1997ರಾಗ ಅರೆಸ್ಟ್ ಮಾಡಿದ್ರು. ಅಜ್ಜಿ ಕಡೆಯಿಂದ ಅವ್ವಗ, ಅವ್ವನ ಕಡೆಯಿಂದ ಮಗಳಿಗೆ ಬರೋ ವಿದ್ಯಾ ರೀ ಅದು, ನಮ್ಮಲ್ಲೆ ಮೊಗ್ಗಿನ ಜಡಿ ಹಾಕ್ತಾರಲ್ಲ, ಹಂಗ. 2015ರಾಗ ಕೂದಲಾ ಹೆಣಿಯೋ ಲೈಸೆನ್ಸನ್ನೂ ಟೆಕ್ಸಸ್ ತಗದು ಹಾಕ್ತು. ಈ ಗೆಲುವು ಬಂದದ್ದು ಹೆಣಿಯೋರಿಗೆ, ದಾರದೋರಿಗೆ ಅಷ್ಟ. ಹುಬ್ಬಿನಿಂದ ಒಂದು ಬಳ್ಳು ಕೆಳಗ ಗಲ್ಲಕ್ಕ ಕ್ರೀಮ್ ಹಚ್ಚಿದ್ರ ಮತ್ತ ಅದೇ 750.

ಹಂಗಂತ "ಲೈಸೆನ್ಸೇ ಬ್ಯಾಡ, ಯಾರ್ ಬೇಕಾದ್ರೂ ಮಾಡ್ಲಿ" ಅನ್ನೋರ ಕೂಡೆ ನನ್ನ ಸೇರಸಬ್ಯಾಡ್ರಿ. ಪಾರ್ಲರಿನ್ಯಾಗ ಆಗೋ ಅಪಾಯ ನಂಗ ಗೊತ್ತಿದ್ದಷ್ಟು ಅವರಿಗೆ ಗೊತ್ತಿಲ್ಲ. ಕಪ್ಪು ಹೇರ್ ಡೈ ಒಳಗ ಪಿಪಿಡಿ ಅಂತ ಒಂದು ಕೆಮಿಕಲ್ ಇರ್ತದ, ಅದು ಆಗಿಬರದೇ ಇದ್ದೋರಿಗೆ ಮುಖಾ ಬುರುಬುರು ಬಾತು ಕಣ್ಣ ಮುಚ್ಚಿಹೋಗ್ತಾವ. ಅದಕ್ಕ ಎರಡು ದಿವಸ ಮೊದಲ ಕಿವಿ ಹಿಂದ ಇಲ್ಲಾ ಮೊಳಕೈ ಮಡಿಕಿಗೆ ಒಂದ್ ಚೂರು ಹಚ್ಚಿ ನೋಡ್ಬೇಕು. ಮೊಡವಿಗಂತ ಡಾಕ್ಟರು ಟ್ರೆಟಿನೊಯಿನ್ ಕ್ರೀಮ್ ಕೊಟ್ಟಿರ್ತಾರ, ಅಂಥಾಕಿ ಮುಖಕ್ಕ ವ್ಯಾಕ್ಸ್ ಹಚ್ಚಿ ಎಳದ್ರ ಕೂದಲದ ಜೊತಿ ಚರ್ಮಾನೂ ಕಿತ್ತು ಬರ್ತದ. ಸಕ್ಕರಿ ಕಾಯಿಲೆ ಇದ್ದೋರ ಕಾಲಿಗೆ ಪೆಡಿಕ್ಯೂರ್ ಮಾಡೋವಾಗ ಒಂದು ಸಣ್ಣ ಗಾಯ ಆದ್ರ ಅದು ತಿಂಗಳಗಟ್ಲೆ ಮಾಯಂಗಿಲ್ಲ. ಒಬ್ಬರಿಗೆ ಹಚ್ಚಿದ ಕಟಗಿನ್ನ ಮತ್ತ ವ್ಯಾಕ್ಸಿನ ಡಬ್ಬಿಗೆ ಅದ್ದಿದ್ರ ಅವರ ಸೋಂಕು ಎಲ್ಲಾರಿಗೂ. ಬ್ಲೇಡ್ ಬದಲಿ ಮಾಡದಿದ್ರ ಹೆಪಟೈಟಿಸ್. ತಲಿ ತೊಳಿಯೋವಾಗ ಸಿಂಕಿನ ಮ್ಯಾಲೆ ಕುತ್ತಿಗಿ ಭಾಳೊತ್ತು ಹಿಂದಕ್ಕ ಬಗ್ಗಿಸಿದ್ರ ಮಿದುಳಿಗೆ ಹೋಗೋ ರಕ್ತನಾಳಕ್ಕ ಪೆಟ್ಟು ಬಿದ್ದು ಪಾರ್ಶ್ವವಾಯು ಆಗಬಹುದು, ಅಪರೂಪಕ್ಕ. 1993ರಾಗ ಅಮೇರಿಕಾದ ಡಾಕ್ಟರ್ ಒಬ್ಬರು ಇದಕ್ಕ 'ಬ್ಯೂಟಿ ಪಾರ್ಲರ್ ಸ್ಟ್ರೋಕ್' ಅಂತನ ಹೆಸರಿಟ್ರು.

ಈಗ ಹೇಳ್ರಿ, ಇದನ್ನೆಲ್ಲಾ ಕಲಿಲಿಕ್ಕೆ ಎಷ್ಟು ತಾಸು ಬೇಕು? ಎರಡು ತಿಂಗಳು ಅನ್ರಿ, ಮೂರು ತಿಂಗಳು ಅನ್ರಿ, ನಾ ಒಪ್ಪತೇನಿ. ಕಲಿತದ್ದನ್ನ ಕಟ್ಟುನಿಟ್ಟಾಗಿ ಪರೀಕ್ಷಾ ಮಾಡ್ರಿ, ಎರಡು ವರ್ಷಕ್ಕೊಮ್ಮೆ ಮತ್ತ ಮಾಡ್ರಿ, ಅದನ್ನೂ ಒಪ್ಪತೇನಿ. ಅಪಾಯ ಎಲ್ಲೆ ಅದನೋ ಅಲ್ಲೆ ಜರಡಿ ಹಿಡೀರಿ. ಗೊಂಬಿ ತಲಿಗೆ ರೋಲರ್ ಸುತ್ತಲಿಕ್ಕೆ ಬರ್ತದೋ ಇಲ್ಲೋ ಅನ್ನೋದನ್ನ ಗಿರಾಕಿ ನೋಡ್ಕೊತಾಳ. ಬರಲಿಲ್ಲ ಅಂದ್ರ ಆಕಿ ಎರಡನೇ ಸಲಾ ಬರಂಗಿಲ್ಲ, ಅಷ್ಟ.

ತಾಸಿನ ಕಾಯ್ದೆ ಇನ್ನೊಂದು ಅನಾಹುತ ಮಾಡೇದ, ಅದು ವೈನಿಗೆ ಧಾರವಾಡದಿಂದ ಕಾಣಂಗಿಲ್ಲ. ನಮ್ಮ ಮಂದಿ ಇರೋ ಅಪಾರ್ಟಮೆಂಟುಗಳೊಳಗ ಕದಾ ಹಾಕ್ಕೊಂಡು ಬಚ್ಚಲಮನಿಯೊಳಗ ಫೇಶಿಯಲ್, ವ್ಯಾಕ್ಸಿಂಗ್ ನಡೀತಾವ. ಬೋರ್ಡ್ ಇಲ್ಲ, ರಸೀದಿ ಇಲ್ಲ, ವಾಟ್ಸ್ಯಾಪ್ ಮ್ಯಾಲೆ ಟೈಮ್ ಹೇಳಿ ರೋಖ್ ಕೊಟ್ಟು ಬರೋದು. ಮಾಡೋರು ಕೆಟ್ಟೋರಲ್ಲ. ಊರಾಗ ಈ ಕೆಲಸಾ ಮಾಡಿದೋರು, ಹದಿಮೂರು ಸಾವಿರ ಡಾಲರ್ ಇಲ್ಲದೋರು. ಅವರ ಕೆಲಸಕ್ಕ ಇನ್‌ಸ್ಪೆಕ್ಟರ್ ಬರಂಗಿಲ್ಲ, ಯಾಕಂದ್ರ ಕಾಯ್ದೆ ಪ್ರಕಾರ ಅವರು ಇಲ್ಲವೇ ಇಲ್ಲ. ಗಿರಾಕಿಗೆ ಕೈ ಸುಟ್ರೂ ಆಕಿ ಬಾಯಿ ಬಿಡಂಗಿಲ್ಲ. ಸುರಕ್ಷತಾ ಸುರಕ್ಷತಾ ಅಂತ ಬಾಗಲಾ ಇಷ್ಟು ಎತ್ತರಕ್ಕ ಕಟ್ಟಿದ್ರಿಂದ ಮಂದಿ ಹಿತ್ತಲಬಾಗಲದಿಂದ ಓಡಾಡ್ತಾರ, ಹಿತ್ತಲಕ್ಕ ದೀಪಾನೂ ಇಲ್ಲ.

ಇನ್ನ ನಮ್ಮೂರ ಕಡೆ ಬರೂಣು. ಅಲ್ಲೆ ಉಲ್ಟಾ. ಪಾರ್ಲರ್ ಇಡ್ಲಿಕ್ಕೆ ಪಾಲಿಕೆಯೋರ ಟ್ರೇಡ್ ಲೈಸೆನ್ಸ್ ಬೇಕು ಖರೆ, ಆದ್ರ ಅದು ಅಂಗಡಿಗೆ ಕೊಡೋದು, ಕೈಗಲ್ಲ. ಐಟಿಐ ಒಳಗ ಒಂದು ವರ್ಷದ ಕಾಸ್ಮೆಟಾಲಜಿ ಟ್ರೇಡ್ ಅದ, ಕಲಿಯೋರು ಕಲೀತಾರ, ಆದ್ರ ಕಲೀಲೇಬೇಕು ಅಂತ ಇಲ್ಲ. ಹದಿನೈದು ದಿವಸದ ಕ್ಲಾಸಿಗೆ ಹೋಗಿ, ಬಂಗಾರದ ಅಂಚಿನ ಸರ್ಟಿಫಿಕೇಟು ಗ್ವಾಡಿಗೆ ತೂಗಹಾಕಿ, ಮರುದಿವಸ ಮಂದಿ ತಲಿಗೆ ಕೆಮಿಕಲ್ ಹಚ್ಚಬಹುದು. "ಅಕ್ಕಾರ, ನಿಮಗ ಅಲರ್ಜಿ ಏನರೆ ಅದ?" ಅಂತ ಕೇಳಬೇಕು ಅನ್ನೋದನ್ನ ಯಾರೂ ಹೇಳಿಕೊಟ್ಟಿರಂಗಿಲ್ಲ. ಫೇಶಿಯಲ್ ಕ್ರೀಮಿನ ಜೊತಿಗೆ ಸ್ಟಿರಾಯ್ಡ್ ಮುಲಾಮು ಕಲಿಸಿ "ನೋಡ್ರಿ ಹೆಂಗ ಗ್ಲೋ ಬಂತು" ಅನ್ನೋರೂ ಇದ್ದಾರ. ನಾಕು ತಿಂಗಳಿಗೆ ಆ ಚರ್ಮಾ ಉಳ್ಳಾಗಡ್ಡಿ ಸಿಪ್ಪಿ ಆಗಿರ್ತದ. ಇಲ್ಲೆ ಸಾವಿರ ತಾಸಿನ ಗ್ವಾಡಿ, ಅಲ್ಲೆ ಹೊಸ್ತಿಲಾನೂ ಇಲ್ಲ.

ಎರಡೂ ಕಡೆ ತಪ್ಪು ಹುಟ್ಟೋದು ಒಂದ ಜಾಗಾದಿಂದ. ಈ ಕೆಲಸಾ ಒಂದು ವಿದ್ಯಾ ಅಂತ ಯಾರಿಗೂ ಅನಸಿಲ್ಲ. ಅಮೇರಿಕಾದೋರು "ಇವರಿಗೆ ಗೊತ್ತಿದ್ದದ್ದು ನಮಗ ಬ್ಯಾಡ, ನಮ್ಮ ಬೆಂಚಿನ ಮ್ಯಾಲೆ ಕೂತ್ರ ಸಾಕು" ಅಂತಾರ. ನಮ್ಮೋರು "ಪಾರ್ಲರ್ ಕೆಲಸಾ ಏನ್ ದೊಡ್ಡದು, ಮನ್ಯಾಗ ಖಾಲಿ ಕೂತೋರು ಮಾಡೋದು" ಅಂತಾರ. ಇದೇ ವೈನಿ ನಾ ಪಾರ್ಲರ್ ಇಟ್ಟಾಗ "ಮಂದಿ ಕಾಲು ತಿಕ್ಕೋ ಕೆಲಸಾ ಯಾಕವಾ" ಅಂದಿದ್ರು, ಅವರ ಮಗಳ ಮದುವಿ ಮೇಕಪ್ಪು ನನ್ನ ಕಡೆನ ಮಾಡಿಸಿದ್ರು ಅನ್ನೋದು ಬ್ಯಾರೆ ಮಾತು. ಬಸವಣ್ಣನವರ ಜೊತಿಗೆ ಹಡಪದ ಅಪ್ಪಣ್ಣನವರು ಕೂತ ನಾಡು ನಮ್ಮದು. ಕಾಯಕದ ಬಗ್ಗೆ ಭಾಷಣ ಮಾಡ್ಲಿಕ್ಕೆ ನಮಗ ಯಾರೂ ಕಲಸಬೇಕಾಗಿಲ್ಲ, ಕಾಯಕ ಮಾಡೋ ಕೈಗೆ ಮರ್ಯಾದಿ ಕೊಡೋದನ್ನ ಮಾತ್ರ ಇನ್ನೂ ಕಲೀಬೇಕಾಗೇದ.

ನಾ ಕೇಳೋದು ಇಷ್ಟ. ಇಲ್ಲಿಯೋರಿಗೆ: ಕೆಲಸಾ ಬರೋರಿಗೆ ಮೊದಲ ಪರೀಕ್ಷಾ ಕೊಡ್ರಿ. ಪಾಸಾದ್ರ ಲೈಸೆನ್ಸ್ ಕೊಡ್ರಿ, ನಪಾಸಾದ್ರ ಎದರಾಗ ನಪಾಸೋ ಅಷ್ಟನ್ನ ಕಲಸ್ರಿ. ಅಲ್ಲಿಯೋರಿಗೆ: ಸ್ವಚ್ಛತಾ, ಕೆಮಿಕಲ್ಲು, ಚರ್ಮದ ಅಪಾಯ ಇವಿಷ್ಟರ ಬಗ್ಗೆ ಒಂದು ಸಣ್ಣ ಕಡ್ಡಾಯ ಕೋರ್ಸು, ಕನ್ನಡದಾಗ, ಬಡವರಿಗೆ ಎಟಕೋ ಫೀ ಒಳಗ. ಸರ್ಟಿಫಿಕೇಟಿನ ಮ್ಯಾಲೆ ಬಂಗಾರದ ಅಂಚು ಇರದಿದ್ರೂ ನಡೀತದ.

ಸರ್ಕಾರ ಮಾಡೋ ತನಕಾ ನಿಮ್ಮ ಕೈಯಾಗೂ ಸ್ವಲ್ಪ ಅದ. ಮುಂದಿನ ಸಲಾ ಪಾರ್ಲರಿಗೆ ಹೋದಾಗ ರೇಟಿನ ಬಗ್ಗೆ ಚೌಕಾಶಿ ಮಾಡೋಕಿಂತ ಮೊದಲ ಮೂರು ಮಾತು ಕೇಳ್ರಿ: ಬ್ಲೇಡ್ ಹೊಸಾದೇನು, ವ್ಯಾಕ್ಸಿನ ಕಟಗಿ ಪ್ರತಿ ಸಲಾ ಬದಲಿ ಮಾಡ್ತೀಯೇನು, ಡೈ ಹಚ್ಚೋಕಿಂತ ಮೊದಲ ಟೆಸ್ಟ್ ಮಾಡ್ತೀಯೇನು. ಆಕಿ ಹೌದಂದ್ರ ಹತ್ತು ರೂಪಾಯಿ ಜಾಸ್ತಿ ಕೊಟ್ಟು ಬರ್ರಿ. ನಂದು ಇವತ್ತಿಗೆ 612 ತಾಸು ಆಗ್ಯಾವ, 388 ಉಳದಾವ. ನಾಳೆ ಮತ್ತ ಗೊಂಬಿ ತಲಿ.