ನೂರೆರಡು ಕೆ.ಜಿ.ಗೆ ಒಂದು ಕಾರ್ಬನ್ ಸೈಕಲ್

ಸೈಕಲ್ ಅಂಗಡಿಗೆ ಹೋದವರೆಲ್ಲ ಸೈಕಲ್ಲಿನ ತೂಕ ಎಷ್ಟು ಎಂದು ಕೇಳುತ್ತಾರೆ. ನಾನು ಹೋದರೆ ಅಂಗಡಿಯವರು ನನ್ನ ತೂಕ ಕೇಳುತ್ತಾರೆ. 102 ಅಂದ ಕೂಡಲೇ ಅವರ ಕಣ್ಣು ಕಾರ್ಬನ್ ಸೈಕಲ್‌ಗಳ ಸಾಲು ಬಿಟ್ಟು ಹೈಬ್ರಿಡ್‌ಗಳ ಸಾಲಿಗೆ ಹೊರಳುತ್ತದೆ. "ಸಾಹೇಬ್, ಆಧೀ ವಜನ ಕಮೀ ಕರಾ, ಮಗ ಕಾರ್ಬನ್ ಘ್ಯಾ" ಎಂದು ಇಲ್ಲಿ ಪುಣೆಯ ಒಬ್ಬರು ನಗುನಗುತ್ತಲೇ ಹೇಳಿದರು. ಮೊದಲು ತೂಕ ಇಳಿಸಿ, ಆಮೇಲೆ ಕಾರ್ಬನ್ ತಗೊಳ್ಳಿ ಅಂತ. ಮನೆಯಲ್ಲೂ ಇದೇ ಮಾತು, ಆಫೀಸಿನ ಕ್ಯಾಂಟೀನಿನಲ್ಲೂ ಇದೇ ಮಾತು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಯಾವ ಅರ್ಧ ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿರುವ ನನ್ನಂಥ ಭಾರದ ಮಂದಿ ಇರಬಹುದು. ಅವರಿಗಾಗಿ ಈ ಸಲದ ಅಂಕಣ.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ಊರು ಧಾರವಾಡ, ವಾಸ ಕೋಥ್ರೂಡ್, ಕೆಲಸ ಹಿಂಜವಡಿಯಲ್ಲಿ. ಬಾವಧನ್, ಪಾಷಾಣ, ಬಾಣೇರ್ ಕಡೆಯಿಂದ ಹೋದರೆ ಒಂದು ದಿಕ್ಕಿಗೆ ಸುಮಾರು 16 ಕಿ.ಮೀ. ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲಿ ಹೋಗುತ್ತೇನೆ. ವಯಸ್ಸು 46. ಸಕ್ಕರೆ ಗಡಿರೇಖೆಯ ಮೇಲೆ ನಿಂತಿದೆ. ಡಾಕ್ಟರು ಮಾತ್ರೆ ಬರೆಯುವ ಮೊದಲು ಒಂದು ವರ್ಷ ಸಮಯ ಕೊಟ್ಟಿದ್ದಾರೆ. ಈ ವರ್ಷದಲ್ಲಿ ನಾನು ಸೈಕಲ್ ಬಿಡಬಾರದು, ಅಷ್ಟೇ. ಹಳೆಯ ಹೈಬ್ರಿಡ್ 14 ಕೆ.ಜಿ. ಇದೆ. ಒಂದೇ ವರ್ಷದಲ್ಲಿ ಅದರ ಹಿಂದಿನ ಗಾಲಿಯ ಕಡ್ಡಿ ನಾಲ್ಕು ಸಲ ತುಂಡಾಗಿದೆ. ಪ್ರತಿ ಸಲ ವಾರಗಟ್ಟಲೆ ಸೈಕಲ್ ನಿಂತಿದೆ, ಅದರ ಜೊತೆ ನಾನೂ ನಿಂತಿದ್ದೇನೆ. ಹಾಗಾಗಿ ಹೊಸದು ಬೇಕಿತ್ತು. ಒಂದೂವರೆ ಲಕ್ಷ ಕೂಡಿಸಿಟ್ಟಿದ್ದೆ. ಕಾರ್ಬನ್ ಬೇಕು ಅನ್ನುವ ಆಸೆಯೂ ಇತ್ತು. ಆಸೆಯನ್ನು ಲೆಕ್ಕದಿಂದ ಹೊರಗಿಟ್ಟು ಮಾತಾಡಿದರೆ ಅದು ಸುಳ್ಳು ಲೆಕ್ಕ.

ಕಾರ್ಬನ್ ಮುರಿಯುತ್ತದೆ ಎನ್ನುವ ಹೆದರಿಕೆಯಿಂದ ಶುರುಮಾಡೋಣ. ಕಾರ್ಬನ್ ಫ್ರೇಮ್ ಮಾಡುವುದು ನಮ್ಮ ಕಡೆ ಕೌದಿ ಹೊಲಿಯುವ ಹಾಗೆ. ದಾರದಂಥ ನಾರುಗಳ ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ಅಂಟಿನಿಂದ ಬೆಸೆದು, ಅಚ್ಚಿನಲ್ಲಿ ಬೇಯಿಸುತ್ತಾರೆ. ಪೆಡಲ್ ಸುತ್ತ, ಹ್ಯಾಂಡಲ್ ಬುಡದಲ್ಲಿ, ಅಂದರೆ ಎಲ್ಲಿ ಒತ್ತಡ ಜಾಸ್ತಿಯೋ ಅಲ್ಲಿ ಪದರಗಳೂ ಜಾಸ್ತಿ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಫ್ರೇಮಿನ ಮೇಲೆ. ಅಂದಿನಿಂದ ಈ ಕೆಲಸ ಬಹಳ ಪಳಗಿದೆ. ಬಳಸುತ್ತ ಬಳಸುತ್ತ ದಣಿದು ಬಿರುಕು ಬಿಡುವ ಗುಣ ಅಲ್ಯೂಮಿನಿಯಮ್ಮಿಗೆ ಇರುವಷ್ಟು ಕಾರ್ಬನ್ನಿಗೆ ಇಲ್ಲ. ಕೂತವನ ಭಾರವನ್ನು ಅದು ಚೆನ್ನಾಗಿಯೇ ಹೊರುತ್ತದೆ. ಅದಕ್ಕೆ ಆಗದಿರುವುದು ಪಕ್ಕದಿಂದ ಬೀಳುವ ಮೊನಚು ಪೆಟ್ಟು ಮತ್ತು ಹಿಚುಕುವಂಥ ಬಿಗಿತ. ಪಾರ್ಕಿಂಗಿನಲ್ಲಿ ಸ್ಕೂಟರ್ ಮೈಮೇಲೆ ಬೀಳುವುದು, ಸೀಟಿನ ಬೋಲ್ಟನ್ನು ಕೈಬಲದ ಮೇಲೆ ತಿರುವುವುದು, ಇವು ನನ್ನ 102 ಕೆ.ಜಿ.ಗಿಂತ ಅಪಾಯಕಾರಿ.

ಆದರೂ ಒಂದು ಅಂಕಿಯನ್ನು ನೋಡದೆ ದುಡ್ಡು ಕೊಡಬಾರದು. ಪ್ರತಿ ಒಳ್ಳೆಯ ಕಂಪನಿ ತನ್ನ ಕೈಪಿಡಿಯಲ್ಲಿ ತೂಕದ ಮಿತಿ ಬರೆದಿರುತ್ತದೆ. ನಾನು ಓದಿದ ಕೈಪಿಡಿಗಳಲ್ಲಿ ರೋಡ್ ಬೈಕಿಗೆ ಅದು 110ರಿಂದ 125 ಕೆ.ಜಿ. ನಡುವೆ ಇತ್ತು. ಇಲ್ಲಿ ಎರಡು ಸಲ ಓದಬೇಕಾದ ವಿಷಯವೆಂದರೆ, ಅದು ಬರೀ ಸವಾರನ ತೂಕವೋ, ಎಲ್ಲ ಸೇರಿಸಿಯೋ ಎನ್ನುವುದು. ಬಹಳಷ್ಟು ಕಡೆ ಎಲ್ಲ ಸೇರಿಸಿಯೇ. ನನ್ನ ಲೆಕ್ಕ ಹೀಗೆ: ನಾನು 102, ಸೈಕಲ್ 9, ಬಟ್ಟೆ, ಬೂಟು, ಹೆಲ್ಮೆಟ್ 2, ಲ್ಯಾಪ್‌ಟಾಪ್, ಡಬ್ಬಿ, ಬೀಗ, ನೀರು ಸೇರಿ ಬ್ಯಾಗ್ 4. ಒಟ್ಟು 117. ಎಲ್ಲ ಸೇರಿಸಿ 110 ಎಂದು ಬರೆದ ಸೈಕಲ್‌ಗಳು ಅಲ್ಲಿಗೇ ಬಿಟ್ಟುಹೋದವು. 120ರದ್ದು ಗಣೇಶ ಹಬ್ಬದ ವಾರಕ್ಕೆ ಸಾಕಾಗಲಿಕ್ಕಿಲ್ಲ. 125 ಇದ್ದವನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆ. ಸೀಟಿನ ಕಂಬಕ್ಕೆ, ಗಾಲಿಗೆ ಬೇರೆಯೇ ಮಿತಿ ಇರುವುದೂ ಉಂಟು. ಎಲ್ಲಕ್ಕಿಂತ ಕಡಿಮೆ ಇರುವ ಅಂಕಿಯೇ ನಿಮ್ಮ ಅಂಕಿ. ಹೆಸರಿಲ್ಲದ ಕಾರ್ಖಾನೆಯ ಅಗ್ಗದ ಫ್ರೇಮ್ ತರಿಸುವವರು ಈ ಒಂದು ಕಾಗದವನ್ನಾದರೂ ಕೇಳಿ. ಕೊಡದಿದ್ದರೆ ಬಿಡಿ.

ಇನ್ನು ಹಗುರದ ಮಾತು. ಒಂದೇ ಬೆಲೆಯ ಅಲ್ಯೂಮಿನಿಯಂ ಸೈಕಲ್ಲಿಗೂ ಕಾರ್ಬನ್ ಸೈಕಲ್ಲಿಗೂ ಹೆಚ್ಚೆಂದರೆ ಒಂದು ಕೆ.ಜಿ. ವ್ಯತ್ಯಾಸ. ಎಷ್ಟೋ ಸಲ ಅಷ್ಟೂ ಇರುವುದಿಲ್ಲ. 117ರಲ್ಲಿ ಒಂದು ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾತ್ರಜ್ ಹಳೆ ಘಾಟಿನಲ್ಲಿ ಇಪ್ಪತ್ತು ನಿಮಿಷ ಏರುವವನಿಗೆ ಉಳಿಯುವುದು ಸುಮಾರು ಹತ್ತು ಸೆಕೆಂಡು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಕೂಡದು ಎಂದು ನಿಯಮ ಮಾಡಿದೆ. 60 ಕೆ.ಜಿ.ಯ ಸ್ಪರ್ಧಿಗೆ ಅರ್ಧ ಕೆ.ಜಿ. ದೊಡ್ಡ ವಿಷಯ. ನನಗೆ ಅದು ಬೆಳಗಿನ ಉಪ್ಪಿಟ್ಟಿನ ಲೆಕ್ಕ. ಹಾಗಾಗಿ ಹಗುರ ಎನ್ನುವ ಕಾರಣಕ್ಕೆ ಕಾರ್ಬನ್ ಕೊಳ್ಳುವ ಭಾರದ ಮನುಷ್ಯ ಬೇರೆ ಕಾರಣ ಹುಡುಕಿಕೊಳ್ಳುವುದು ಒಳ್ಳೆಯದು.

ಬೇರೆ ಕಾರಣಗಳಿವೆ. ಒಳ್ಳೆಯ ಕಾರ್ಬನ್ ಫ್ರೇಮ್ ಪೆಡಲ್ ಕಡೆ ಗಟ್ಟಿಯಾಗಿದ್ದು ಸೀಟಿನ ಕಡೆ ಸ್ವಲ್ಪ ಬಾಗುವಂತೆ ಮಾಡಿರುತ್ತಾರೆ. ಭಾರದ ಸವಾರ ಎದ್ದು ನಿಂತು ತುಳಿದಾಗ ಸೈಕಲ್ ಅಡ್ಡಾಡುವುದಿಲ್ಲ. ಕೂತಾಗ ರಸ್ತೆಯ ನಡುಕ ಸೊಂಟಕ್ಕೆ ಅಷ್ಟಾಗಿ ಬರುವುದಿಲ್ಲ. ತುಕ್ಕು ಹಿಡಿಯುವುದಿಲ್ಲ. ಇಷ್ಟು ನಿಜ. ಆದರೆ ನಡುಕದ ವಿಷಯದಲ್ಲಿ ಫ್ರೇಮ್ ಮಾಡುವುದಕ್ಕಿಂತ ಹೆಚ್ಚು ಕೆಲಸವನ್ನು ಟಯರ್ ಮಾಡುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮವರೇ ಒಬ್ಬ ಮೆಕ್ಯಾನಿಕ್, ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬರುತ್ತಲೇ ಇರುತ್ತಾರೆ, ಅಲ್ಲಿಯ ಹುಡುಗರಿಗೆ ಸೈಕಲ್ಲಿನ ನಾಡಿ ಗೊತ್ತು. ನನ್ನ ಮಾತು ಕೇಳಿ ಗೊತ್ತುಹಿಡಿದು ಕನ್ನಡಕ್ಕೆ ತಿರುಗಿದರು.

"ಸರ, ಫ್ರೇಮ್ ಮುರಿತದಂತ ಅಂಜಬ್ಯಾಡ್ರಿ. ನಿಮಗ ಮುರಿಯೂದು ಹಿಂದಿನ ಗಾಲಿ ಕಡ್ಡಿ. ರೊಕ್ಕ ಅಲ್ಲಿ ಹಾಕ್ರಿ."

ಅವರು ಹೇಳಿದ್ದು ಹೀಗೆ. ಕೂತು ತುಳಿಯುವವನ ಭಾರದ ಅರ್ಧಕ್ಕಿಂತ ಹೆಚ್ಚು ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಗಾಲಿ ಒಂದು ಸುತ್ತು ಬಂದಾಗಲೆಲ್ಲ ಪ್ರತಿ ಕಡ್ಡಿಯೂ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವುದಿಲ್ಲವೇ, ಹಾಗೆ. ಕಡ್ಡಿ ಕಡಿಮೆ ಇದ್ದಷ್ಟೂ ಒಂದೊಂದರ ಮೇಲೆ ಹೊಡೆತ ಜಾಸ್ತಿ. ನೋಡಲು ಚೆಂದ ಎಂದು ರೋಡ್ ಬೈಕುಗಳಿಗೆ 20 ಅಥವಾ 24 ಕಡ್ಡಿಯ ಗಾಲಿ ಹಾಕಿ ಕಳಿಸುತ್ತಾರೆ. ನೂರು ದಾಟಿದವರಿಗೆ ಹಿಂದೆ 32, ಮುಂದೆ 28 ಇರಲಿ. ಕೈಯಲ್ಲಿ ಕಟ್ಟಿಸಿದ ಗಾಲಿಯಾದರೆ ಇನ್ನೂ ಒಳ್ಳೆಯದು. ಮುನ್ನೂರು ಕಿ.ಮೀ. ಆದ ಮೇಲೆ ಒಮ್ಮೆ ಬೆಂಡ್ ತೆಗೆಸಿ ಕಡ್ಡಿ ಬಿಗಿ ನೋಡಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ.

ಟಯರಿಗೆ ಬಂದರೆ, ಫ್ರೇಮಿನಲ್ಲಿ 32 ಮಿ.ಮೀ. ಟಯರ್ ಹಿಡಿಯುವಷ್ಟು ಜಾಗ ಇರಲೇಬೇಕು. 25ರ ತೆಳ್ಳನೆ ಟಯರಿಗೆ ಕಲ್ಲಿನ ಹಾಗೆ ಗಾಳಿ ತುಂಬಿ ಬಾವಧನ್ ರಸ್ತೆಯ ಗುಂಡಿಗೆ ಇಳಿಸಿದರೆ ಟ್ಯೂಬೂ ಹೋಗುತ್ತದೆ, ರಿಮ್ಮೂ ಹೋಗುತ್ತದೆ. ಒಂದು ಸೂಕ್ಷ್ಮವೂ ಇದೆ. ಈಗಿನ ಕೆಲವು ಗಾಲಿಗಳ ರಿಮ್ಮಿಗೆ ಟಯರ್ ಅಂಚನ್ನು ಹಿಡಿದುಕೊಳ್ಳುವ ಕೊಕ್ಕೆ ಇರುವುದಿಲ್ಲ. ಹುಕ್‌ಲೆಸ್ ಅನ್ನುತ್ತಾರೆ. ಇವಕ್ಕೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐಗಿಂತ ಹೆಚ್ಚು ಗಾಳಿ ಹಾಕುವ ಹಾಗಿಲ್ಲ. ನನ್ನ ತೂಕಕ್ಕೆ 28ರ ಟಯರಿನಲ್ಲಿ ಆ ಮಿತಿ ಮೀರಬೇಕಾಗುತ್ತದೆ. 32ರಲ್ಲಿ ಅದರೊಳಗೇ ಕೆಲಸ ಆಗುತ್ತದೆ. ತೆಳ್ಳಗಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನೀವೇ ಕೇಳಬೇಕು.

ಬ್ರೇಕ್ ಡಿಸ್ಕ್ ಆಗಿರಲಿ, ಸಾಧ್ಯವಾದರೆ ಹೈಡ್ರಾಲಿಕ್. ಘಾಟ್ ಇಳಿಯುವಾಗ ಭಾರದ ಸವಾರನ ಬ್ರೇಕು ಕಾಯುವುದು ಜಾಸ್ತಿ, ಮಳೆಗಾಲದಲ್ಲಿ ರಿಮ್ ಹಿಡಿಯುವ ಬ್ರೇಕು ಜಾರುವುದೂ ಜಾಸ್ತಿ. ಗೇರಿನಲ್ಲಿ ಮುಂದೆ 50/34, ಹಿಂದೆ 34 ಹಲ್ಲಿನವರೆಗೆ ಇದ್ದರೆ ಸಾಕು. ಮುಂದೆ 34, ಹಿಂದೆ 34 ಅಂದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಒಂದೇ ಸುತ್ತು. ಏರಿನಲ್ಲಿ ಮೊಣಕಾಲು ಉಳಿಸುವುದು ಇದು. ಒಂದು ಕೆ.ಜಿ. ಕಾರ್ಬನ್ ಕೊಡದ ಸುಖವನ್ನು ನಾಲ್ಕು ಹಲ್ಲು ಹೆಚ್ಚಿರುವ ಚಕ್ರ ಕೊಡುತ್ತದೆ. ಸ್ಪರ್ಧೆಗೆ ಮಾಡಿದ ಬಗ್ಗಿ ಕೂರುವ ಫ್ರೇಮ್ ಬೇಡ, ಎಂಡ್ಯೂರೆನ್ಸ್ ಎಂದು ಕರೆಯುವ, ಹ್ಯಾಂಡಲ್ ಎತ್ತರದಲ್ಲಿರುವ ಫ್ರೇಮ್ ನೋಡಿ. ಹೊಟ್ಟೆ ಇದ್ದವನಿಗೆ ಉಸಿರಾಡಲು ಜಾಗ ಬೇಕು.

ಆಫೀಸಿಗೆ ಹೋಗುವವರು ಸಾಮಾನಿನ ಬಗ್ಗೆ ಮೊದಲೇ ಯೋಚಿಸಬೇಕು. ಬಹುಪಾಲು ಕಾರ್ಬನ್ ರೋಡ್ ಬೈಕುಗಳಿಗೆ ಕ್ಯಾರಿಯರ್ ಕೂರಿಸುವ ತೂತುಗಳಿರುವುದಿಲ್ಲ. ಕಾರ್ಬನ್ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಕ್ಯಾರಿಯರ್ ಬಿಗಿಯುವ ಉಪಾಯ ಬೇಡವೇ ಬೇಡ. ನಾನು ಸೋಮವಾರ ಬಸ್ಸಿನಲ್ಲಿ ಹೋಗಿ ವಾರದ ಬಟ್ಟೆ ಆಫೀಸಿನಲ್ಲಿಟ್ಟು ಬರುತ್ತೇನೆ. ಸಣ್ಣ ಟಾರ್ಕ್ ವ್ರೆಂಚ್ ಒಂದನ್ನು ಕೊಳ್ಳಿ, ಬೋಲ್ಟ್ ಪಕ್ಕ ಬರೆದಷ್ಟೇ ಬಿಗಿಯಿರಿ. ಬಿದ್ದರೆ ಫ್ರೇಮಿನ ಉದ್ದಕ್ಕೂ ನಾಣ್ಯದಿಂದ ತಟ್ಟಿ ನೋಡಿ. ಟಣ್ ಅನ್ನುವುದು ಒಂದು ಕಡೆ ದಪ್ ಅಂದರೆ, ಬಣ್ಣ ನೆಟ್ಟಗಿದ್ದರೂ, ತಿಳಿದವರಿಗೆ ತೋರಿಸುವವರೆಗೆ ಹತ್ತಬೇಡಿ. ಇದೇ ಕಾರಣಕ್ಕೆ ಭಾರದವರಿಗೆ ಸೆಕೆಂಡ್ ಹ್ಯಾಂಡ್ ಕಾರ್ಬನ್ ಅಷ್ಟು ಹಿತವಲ್ಲ. ಹಿಂದಿನವರು ಎಲ್ಲಿ ಬಿದ್ದಿದ್ದರೋ ಗೊತ್ತಿರುವುದಿಲ್ಲ, ಫ್ರೇಮಿನ ವಾರಂಟಿಯೂ ಸಾಮಾನ್ಯವಾಗಿ ಮೊದಲು ಕೊಂಡವರಿಗಷ್ಟೇ.

ದುಡ್ಡಿನ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದದ್ದು ನಮ್ಮಂಥವರಿಗೆ ಅನುಕೂಲವಾಯಿತು. ನಾನು ಹಿಂದಿನ ವರ್ಷದ ಮಾಡೆಲ್ ಒಂದನ್ನು ಆರಿಸಿದೆ. ಕಾರ್ಬನ್ ಫ್ರೇಮ್, 125 ಕೆ.ಜಿ. ಮಿತಿ, ಹಿಂದೆ ಹತ್ತು ಗೇರಿನ ಸಾದಾ ಸೆಟ್, ಹೈಡ್ರಾಲಿಕ್ ಡಿಸ್ಕ್. ಬೆಲೆ 1,31,000. ಇನ್ನೂ ಮೇಲಿನ ಗೇರ್ ಸೆಟ್ ಇದ್ದದ್ದು ಇಪ್ಪತ್ತು ಸಾವಿರ ಹೆಚ್ಚು. ಅದನ್ನು ಬಿಟ್ಟು, ಉಳಿದ ದುಡ್ಡಿನಲ್ಲಿ 9,500ಕ್ಕೆ ಇಂಡಿಯವರ ಕೈಯಲ್ಲಿ 32 ಕಡ್ಡಿಯ ಹಿಂದಿನ ಗಾಲಿ ಕಟ್ಟಿಸಿದೆ. ಟಯರ್, ಪೆಡಲ್, ಟಾರ್ಕ್ ವ್ರೆಂಚ್, ಲೈಟು ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಿತು. ಕಾರ್ಖಾನೆಯ ಹಿಂದಿನ ಗಾಲಿ ಅಟ್ಟದ ಮೇಲಿದೆ.

ಅದೇ ಕಂಪನಿಯ ಅಲ್ಯೂಮಿನಿಯಂ ಸೈಕಲ್ ನಲವತ್ತು ಸಾವಿರ ಕಡಿಮೆಗೆ ಸಿಗುತ್ತಿತ್ತು. ಅದೇ ಗಾಲಿ, ಅದೇ ಟಯರ್ ಹಾಕಿದರೆ ಆಫೀಸಿಗೆ ತಲುಪುವ ಹೊತ್ತಿನಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಕೈ ಬಿಗಿ ಇದ್ದವರು ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ನಿಮ್ಮ ತೂಕವೇ 112ರ ಮೇಲಿದ್ದರೆ ಕಾರ್ಬನ್ ರೋಡ್ ಬೈಕಿನ ಮಿತಿಯೊಳಗೆ ಬ್ಯಾಗಿಗೆ ಜಾಗ ಉಳಿಯುವುದಿಲ್ಲ. ಹೆಚ್ಚು ಮಿತಿ ಬರೆದಿರುವ ಸ್ಟೀಲ್ ಅಥವಾ ಅಲ್ಯೂಮಿನಿಯಮ್ಮಿನ ಗ್ರಾವೆಲ್ ಬೈಕ್ ನೋಡಿ. ಅದರಲ್ಲಿ ಅವಮಾನದ ಮಾತೇನಿಲ್ಲ.

ನಾನು ನಲವತ್ತು ಸಾವಿರ ಹೆಚ್ಚು ಕೊಟ್ಟದ್ದು ಬೆಳಿಗ್ಗೆ ಆರೂವರೆಗೆ ಬಾಲ್ಕನಿಯಲ್ಲಿ ನಿಂತ ಸೈಕಲ್ ಕಂಡರೆ ಹತ್ತಬೇಕು ಅನ್ನಿಸಲಿ ಎಂದು. ಮಾತ್ರೆಗೆ ಡಾಕ್ಟರು ಕೊಟ್ಟಿರುವ ಒಂದು ವರ್ಷದಲ್ಲಿ ಈ ಅನ್ನಿಸಿಕೆಗೆ ಬೆಲೆಯಿದೆ. ಕಡ್ಡಿ ಮುರಿದು ಮೂಲೆಯಲ್ಲಿ ನಿಂತ ಸೈಕಲ್ಲಿಗೂ, ಕಂಡರೆ ಬೇಸರ ಬರುವ ಸೈಕಲ್ಲಿಗೂ ಪರಿಣಾಮ ಒಂದೇ, ಎರಡನ್ನೂ ಯಾರೂ ತುಳಿಯುವುದಿಲ್ಲ.

ತೂಕ ಇಳಿದ ಮೇಲೆ ಒಳ್ಳೆಯ ಸೈಕಲ್ ಕೊಳ್ಳೋಣ ಎನ್ನುವವರಿಗೆ ನಾನು ಹೇಳುವುದಿಷ್ಟು. ತೂಕ ಇಳಿಯುವವರೆಗಿನ ಸಾವಿರಾರು ಕಿ.ಮೀ. ತುಳಿಯಬೇಕಾದವರು ಈಗಿನ ನೀವೇ, ಅದೂ ಈಗಿನ ಭಾರ ಹೊತ್ತು. ಆ ದೇಹಕ್ಕೆ ಅಳತೆ ತೆಗೆದು ಸೈಕಲ್ ಆರಿಸಿ. ಕೈಪಿಡಿಯ ಅಂಕಿ, ಕಡ್ಡಿಯ ಎಣಿಕೆ, ಟಯರಿನ ಅಗಲ, ಹಿಂದಿನ ಗೇರಿನ ಹಲ್ಲು, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ತೂಕ ಕೇಳಿದರೆ ಸರಿಯಾದ ಅಂಕಿಯನ್ನೇ ಹೇಳಿ, ಬ್ಯಾಗಿನದನ್ನೂ ಸೇರಿಸಿ.