ಆಕಾಶಕ್ಕೇರಿದ ಮರ, ಕಾಣೆಯಾದ ಅಳಿಲು

ಹಾಲಿವುಡ್‌ನ ಸೂಪರ್‌ಹೀರೋ ಸಿನಿಮಾಗಳಲ್ಲಿ ಬರುವ ‘ಇಗ್‌ಡ್ರಸಿಲ್’ ಎಂಬ ವಿಶ್ವವೃಕ್ಷ ಎಷ್ಟು ದೊಡ್ಡದು? ಈ ಪ್ರಶ್ನೆಗೆ ಅಭಿಮಾನಿಗಳು ಗ್ಯಾಲಕ್ಸಿಗಳ ಲೆಕ್ಕದಲ್ಲಿ ಉತ್ತರ ಹುಡುಕುತ್ತಾರೆ. ತಪ್ಪು ಅವರದಲ್ಲ. 2011ರಲ್ಲಿ ಬಂದ ಮಾರ್ವೆಲ್ ಸಂಸ್ಥೆಯ ‘ಥಾರ್’ ಚಿತ್ರ ಅವರಿಗೆ ಹಾಗೆ ಕಲಿಸಿದೆ. ಬೆಂಕಿಯ ಪಕ್ಕ ಕುಳಿತ ಥಾರ್, ವಿಜ್ಞಾನಿ ಜೇನ್‌ಳ ನೋಟ್‌ಬುಕ್ಕಿನಲ್ಲಿ ಒಂಬತ್ತು ಲೋಕಗಳನ್ನು ಬೆಸೆಯುವ ಮರ ಬರೆದು ತೋರಿಸುತ್ತಾನೆ. ಸಿನಿಮಾ ಮುಗಿದಾಗ ಕ್ಯಾಮರಾ ನಕ್ಷತ್ರಗಳ ನಡುವೆ ಹಾರಿ, ಅದೇ ಮರವನ್ನು ನೀಹಾರಿಕೆಗಳ ರೂಪದಲ್ಲಿ ಹರಡುತ್ತದೆ. ಇದಕ್ಕಿಂತ ದೊಡ್ಡ ಮರವನ್ನು ಇನ್ನಾರು ತೋರಿಸಿಯಾರು?

ಆದರೆ ಅದು ಮರವೇ ಅಲ್ಲ, ನಕಾಶೆ ಎನ್ನುತ್ತೇವೆ ನಾವು.

ಐಸ್‌ಲ್ಯಾಂಡಿನ ಹಳೆಯ ಕಾವ್ಯಗಳಲ್ಲಿ, 13ನೇ ಶತಮಾನದಲ್ಲಿ ಸ್ನೋರಿ ಸ್ಟುರ್ಲುಸನ್ ಬರೆದ ‘ಎಡ್ಡಾ’ದಲ್ಲಿ ಇರುವ ಮರವೇ ಬೇರೆ. ಅದೂ ಸಣ್ಣದಲ್ಲ, ಕೊಂಬೆಗಳು ಲೋಕವನ್ನೆಲ್ಲ ಆವರಿಸಿ ಆಕಾಶವನ್ನು ಮೀರುತ್ತವೆ. ಆದರೆ ಅದು ಆ್ಯಶ್ ಜಾತಿಯ, ಜೀವ ಇರುವ, ನೋವು ತಿನ್ನುವ ಮರ. ಮೇಲೊಂದು ಹದ್ದು. ಬುಡದಲ್ಲಿ ಬೇರು ಕಡಿಯುವ ನಿಡ್‌ಹಾಗ್ ಎಂಬ ಘಟಸರ್ಪ. ಇವರಿಬ್ಬರ ಬೈಗುಳಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ರಾಟಟೋಸ್ಕ್ ಎಂಬ ಚಾಡಿಕೋರ ಅಳಿಲು. ನಾಲ್ಕು ಜಿಂಕೆಗಳು ಎಲೆ ಮೇಯುತ್ತವೆ. ಒಂದು ಮಗ್ಗುಲು ಕೊಳೆಯುತ್ತಿದೆ. ಮರ ಒಣಗದಿರಲೆಂದು, ಮನುಷ್ಯರ ವಿಧಿ ನಿರ್ಧರಿಸುವ ನೋರ್ನ್ ಸ್ತ್ರೀಯರು ದಿನವೂ ಬಾವಿಯ ನೀರನ್ನು, ಅದರ ಸುತ್ತಲ ಕೆಸರಿನ ಜೊತೆಗೆ ತಂದು ಸುರಿಯುತ್ತಾರೆ. ವಿಧಿಯನ್ನೇ ಬರೆಯುವವರಿಗೆ ನೀರು ಹೊರುವ ಕೆಲಸ! ಈ ಕಲ್ಪನೆಯ ಮುಂದೆ ಯಾವ ಗ್ರಾಫಿಕ್ಸ್ ತಾನೇ ನಿಂತೀತು?

‘ಥಾರ್’ನ ತೆರೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಅದೇ ವರ್ಷದ ‘ಕ್ಯಾಪ್ಟನ್ ಅಮೆರಿಕ’ ಚಿತ್ರದಲ್ಲಿ ನಾರ್ವೆಯ ಗೋಡೆಯೊಂದರ ಮೇಲೆ ಈ ಮರದ ಕೆತ್ತನೆ ಇದೆ, ಸರ್ಪವೂ ಇದೆ. ಅದರ ಕಣ್ಣು ಒತ್ತಿದರೆ ಬಚ್ಚಿಟ್ಟ ಮಾಯಾಘನ ಹೊರಬರುತ್ತದೆ. ವಿಶ್ವದ ಬೇರನ್ನೇ ಕಡಿಯುವ ಸರ್ಪ ಇಲ್ಲಿ ಒಂದು ಸ್ವಿಚ್ಚು.

ಸಿನಿಮಾ ಮನರಂಜನೆ, ಅದಕ್ಕೆ ಪುರಾಣದ ಹಂಗೇಕೆ ಎನ್ನುವವರಿದ್ದಾರೆ. ಹಾಗಾದರೆ ಸ್ನೋರಿಗೆ ಆ ಹಂಗು ಏಕಿತ್ತು? ಅವನು ಕ್ರೈಸ್ತ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಬಂದು ಎರಡು ಶತಮಾನಗಳೇ ಕಳೆದಿದ್ದವು. ಎಡ್ಡಾದ ಮುನ್ನುಡಿಯಂತೂ ಆ ಹಳೆಯ ದೇವರುಗಳನ್ನು ಟ್ರಾಯ್ ಕಡೆಯಿಂದ ಬಂದ ಮನುಷ್ಯರು ಎಂದೇ ಹೇಳುತ್ತದೆ. ತಾನು ನಂಬದ ಕಥೆಯಲ್ಲಿ ಒಂದು ಅಳಿಲನ್ನೂ ಅವನು ಬಿಡಲಿಲ್ಲ. ಎಳೆಯ ಕವಿಗಳು ಹಿರಿಯರ ಮಾತಿನ ಕಸುಬನ್ನು ಮರೆಯಬಾರದು ಎಂಬುದಷ್ಟೇ ಅವನ ಕಾಳಜಿ. ಬೇರೆಯವರ ನಂಬಿಕೆಯ ಬಗ್ಗೆ ಬರೆಯಲು ಅದನ್ನು ಒಪ್ಪಬೇಕಾಗಿಲ್ಲ, ಗಮನವಿಟ್ಟು ಕೇಳಿಸಿಕೊಂಡರೆ ಸಾಕು. ಕೋಟಿಗಟ್ಟಲೆ ಡಾಲರ್ ಸುರಿಯುವ ಸ್ಟುಡಿಯೋಗೆ ಅಷ್ಟು ವ್ಯವಧಾನ ಇಲ್ಲವೆಂದರೆ ಅದು ಬಡತನವಲ್ಲದೆ ಮತ್ತೇನು?

ನ್ಯಾಯಕ್ಕಾಗಿ ಒಂದು ಮಾತು ಹೇಳಲೇಬೇಕು. 2023ರಲ್ಲಿ ‘ಲೋಕಿ’ ಟಿವಿ ಸರಣಿಯ ಎರಡನೇ ಭಾಗ ಮುಗಿಯುವಾಗ, ಸಾಯುತ್ತಿರುವ ಕಾಲದ ಎಳೆಗಳನ್ನು ಲೋಕಿ ತನ್ನ ಕೈಯಲ್ಲೇ ಹಿಡಿದು ಕೂರುತ್ತಾನೆ. ಅವು ಮರದ ಆಕಾರ ತಾಳುತ್ತವೆ. ಯಾರೋ ಒಬ್ಬರು ಬಿಡದೆ ಆರೈಕೆ ಮಾಡಿದರಷ್ಟೇ ಈ ಮರ ಉಳಿದೀತು ಎಂಬ ಹಳೆಯ ಅರಿವು ಹನ್ನೆರಡು ವರ್ಷಗಳ ನಂತರ, ತಿಳಿದೋ ತಿಳಿಯದೆಯೋ, ಅವರಿಗೆ ದಕ್ಕಿತು. ಅಳಿಲು ಮಾತ್ರ ಅಲ್ಲಿಯೂ ಇಲ್ಲ.